ಕುರ್ಚಿ ಬಿಟ್ಟೇಳದೆ ಆಡುವ ಚೆಂಡಾಟ

ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಮಕ್ಕಳಿಂದ ಜೀವನಾಂಶ ಕೊಡಿಸುವ ಕಾನೂನಾಗಿ. ಅದರ 19ನೇ ಕಲಂ ಓದಿದವರು ಕಡಿಮೆ. ವೃದ್ಧಾಶ್ರಮಗಳ ಬಗ್ಗೆ ಹೇಳುವ ಕಲಂ ಅದು. ಜಿಲ್ಲೆಗೆ ಒಂದರಂತೆ ಶುರುಮಾಡಿ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗವಿರುವ ಆಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. ಅಲ್ಲಿ ಏನೇನು ಸೇವೆ ಇರಬೇಕು ಎಂಬ ಮಾತು ಬಂದಾಗ ವೈದ್ಯಕೀಯ ಆರೈಕೆಯ ಜೊತೆಗೇ, ಅದೇ ವಾಕ್ಯದಲ್ಲಿ, ಮನರಂಜನೆಯ ಸಾಧನಗಳನ್ನೂ ಹೆಸರಿಸುತ್ತದೆ. ಕಾನೂನು ಬರೆದವರು ಮದ್ದಿಗೂ ಆಟಕ್ಕೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ್ದಾರೆ. ನಡೆಯುತ್ತಿರುವುದು ಬೇರೆ. ಬಹುಪಾಲು ಆಶ್ರಮಗಳಲ್ಲಿ ಮನರಂಜನೆ ಎಂದರೆ ಹಾಲಿನ ಗೋಡೆಗೆ ಹೊಡೆದ ಒಂದು ಟಿವಿ. ಬೆಳಿಗ್ಗೆ ಭಕ್ತಿಗೀತೆ, ಸಂಜೆ ಧಾರಾವಾಹಿ, ಮಧ್ಯೆ ತೂಕಡಿಕೆ.

ಒಳ್ಳೆಯ ಆಶ್ರಮವೊಂದರ ದಿನಚರಿಯನ್ನೇ ನೋಡೋಣ. ಬೆಳಿಗ್ಗೆ ಎಬ್ಬಿಸುತ್ತಾರೆ, ಸ್ನಾನ ಮಾಡಿಸುತ್ತಾರೆ, ತಲೆ ಬಾಚುತ್ತಾರೆ, ತಿಂಡಿಯ ತಟ್ಟೆ ಮುಂದಿಡುತ್ತಾರೆ, ಮಾತ್ರೆ ಎಣಿಸಿ ಅಂಗೈಗೆ ಹಾಕುತ್ತಾರೆ, ಮಧ್ಯಾಹ್ನ ಮಲಗಿಸುತ್ತಾರೆ. ಇದರಲ್ಲಿ ಯಾವುದನ್ನೂ ತಪ್ಪು ಎನ್ನುವಂತಿಲ್ಲ. ಆದರೆ ಇಡೀ ದಿನ ಅಜ್ಜಿ ತಾತಂದಿರ ಪಾಲಿಗೆ ಬರುವುದು ಒಂದೇ ಕೆಲಸ, ಪಡೆದುಕೊಳ್ಳುವುದು. ಒಂದು ಕಾಲಕ್ಕೆ ಮದುವೆ ಮನೆಯಲ್ಲಿ ನಿಂತು ಬಡಿಸಿದವರು, ಗದ್ದೆಯಲ್ಲಿ ಆಳುಗಳಿಗೆ ಕೆಲಸ ಹಂಚಿದವರು, ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು ಈಗ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. ಅದೇ ಹಾಲಿಗೆ ಒಂದು ಚೆಂಡು ಬಂದರೆ ಲೆಕ್ಕ ಬದಲಾಗುತ್ತದೆ. ಕೈಗೆ ಬಂದ ಚೆಂಡನ್ನು ಇಟ್ಟುಕೊಂಡು ಕೂರಲಾಗುವುದಿಲ್ಲ. ಯಾರಿಗೆ ಎಸೆಯಬೇಕು ಎಂದು ನೋಡಬೇಕು, ಅವರು ತಯಾರಿದ್ದಾರೆಯೇ ಎಂದು ಕಣ್ಣಲ್ಲೇ ಕೇಳಬೇಕು, ಅವರ ಕೈಗೆ ಸಿಗುವಂತೆ ಎಸೆಯಬೇಕು. ವಯಸ್ಸಾದವರ ಚೆಂಡಾಟದ ಬಗ್ಗೆ ಮಾತಾಡುವವರು ಕೀಲು, ಸ್ನಾಯು, ರಕ್ತಸಂಚಾರ ಎಂದೆಲ್ಲ ಹೇಳುತ್ತಾರೆ. ಅವೆಲ್ಲ ಬೇಕು. ಆದರೆ ನನ್ನ ಪಾಲಿಗೆ ಈ ಆಟದ ತಿರುಳು ಇರುವುದು ಚೆಂಡು ಹಿಡಿಯುವುದರಲ್ಲಲ್ಲ, ಹಿಂದಿರುಗಿಸುವುದರಲ್ಲಿ.

ಪ್ರಶ್ನೆ ಸಣ್ಣದಲ್ಲ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಅರವತ್ತು ದಾಟಿದವರು ಸುಮಾರು 14.9 ಕೋಟಿ, 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುತ್ತಾರೆ. ಅರವತ್ತು ದಾಟಿದವರಲ್ಲಿ ಶೇಕಡ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯ ಇದೆ ಎಂದು ಈಚಿನ ದೊಡ್ಡ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಲ್ಲಿ ಬಹುತೇಕರು ಮನೆಯಲ್ಲೇ ಇದ್ದಾರೆ. ಆದರೂ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ವೃದ್ಧಾಶ್ರಮಗಳೂ ಹಗಲು ಆರೈಕೆ ಕೇಂದ್ರಗಳೂ ಹೆಚ್ಚುತ್ತಿವೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಡಿಮೆನ್ಷಿಯ ಇರುವವರಿಗಾಗಿಯೇ ಹಗಲು ಕೇಂದ್ರಗಳನ್ನು ನಡೆಸುತ್ತಿವೆ. ಹಿರಿಯರನ್ನು ಊಟ, ಮಾತ್ರೆ, ಹಾಸಿಗೆಯ ಆಚೆಗೆ ಹೇಗೆ ನೋಡಿಕೊಳ್ಳಬೇಕು ಎಂಬುದು ಇನ್ನು ಎಲ್ಲರ ಮನೆಬಾಗಿಲಿಗೂ ಬರುವ ಪ್ರಶ್ನೆ.

ಬೇರೆ ದೇಶಗಳು ಈ ದಾರಿಯಲ್ಲಿ ಸ್ವಲ್ಪ ಮುಂದೆ ನಡೆದಿವೆ. ಅವರ ಆಟಗಳ ಹಿನ್ನೆಲೆ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಹಲವು ಆಟಗಳಲ್ಲಿ ದೇಹ ಸೋತಾಗ ಆಟಗಾರ ಹೊರಗೆ ಹೋಗಲಿಲ್ಲ, ನಿಯಮ ಬದಲಾಯಿತು. ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಲಾ ಸಿಯೋಟಾ ಎಂಬ ಬಂದರು ಊರಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಗುಂಡೆಸೆತದ ಹಳೆಯ ಆಟವೊಂದನ್ನು ಮೂರು ಹೆಜ್ಜೆ ಓಡಿ ಆಡುತ್ತಿದ್ದರು. ಜೂಲ್ ಲನ್ವಾರ್ ಎಂಬ ಒಳ್ಳೆಯ ಆಟಗಾರನಿಗೆ ಸಂಧಿವಾತ ಹಿಡಿದು ಓಡುವುದು ಆಗದಾಯಿತು. ಪಕ್ಕದಲ್ಲಿ ಕೂತು ನೋಡುವಂತಾದ ಅವನಿಗಾಗಿ ಅಂಕಣದ ಯಜಮಾನ ಪಿಟಿಯೊ ಹೊಸ ಕ್ರಮ ತಂದ: ಯಾರೂ ಓಡುವುದು ಬೇಡ, ಎಲ್ಲರೂ ನಿಂತಲ್ಲೇ ನಿಂತು ಎಸೆಯಲಿ, ಎಸೆಯುವ ದೂರವೂ ಕಡಿಮೆಯಾಗಲಿ. ಅದೇ ಪೆಟಾಂಕ್. ಈಗ ಫ್ರಾನ್ಸಿನ ಊರೂರಿನ ಮರದ ನೆರಳಲ್ಲಿ ಇದನ್ನು ಆಡುತ್ತಾರೆ, ದೊಡ್ಡ ಪಂದ್ಯಗಳೂ ನಡೆಯುತ್ತವೆ. ಒಬ್ಬ ಗೆಳೆಯನ ಕೀಲುನೋವು ಒಂದು ದೇಶದ ಆಟವನ್ನೇ ರೂಪಿಸಿತು. ಆ ಯಜಮಾನ ಮಾಡಿದ್ದನ್ನೇ ಇವತ್ತಿನ ಆಶ್ರಮದ ಮೇಲ್ವಿಚಾರಕರೂ ಮಾಡಬೇಕು. ಆಟಕ್ಕೆ ತಕ್ಕ ಆಟಗಾರನನ್ನು ಹುಡುಕಬಾರದು, ಇರುವ ಆಟಗಾರನಿಗೆ ಆಟವನ್ನು ಬಗ್ಗಿಸಬೇಕು.

ಜಪಾನಿನ ಗೇಟ್‌ಬಾಲ್ 1947ರಲ್ಲಿ ಹೊಕ್ಕೈಡೊದಲ್ಲಿ ಹುಟ್ಟಿದ್ದು ಮಕ್ಕಳಿಗಾಗಿ. ಯುದ್ಧ ಮುಗಿದು ರಬ್ಬರಿಗೂ ಕೊರತೆಯಿದ್ದ ಕಾಲ, ಆಟದ ಸಾಮಾನು ಸಿಗುತ್ತಿರಲಿಲ್ಲ. ಅಲ್ಲಿ ಮರಕ್ಕೆ ಬರವಿರಲಿಲ್ಲ, ಮರದ ಚೆಂಡು, ಮರದ ಸುತ್ತಿಗೆ ಸಾಕಾದವು. ಮುಂದೆ ಅದನ್ನು ಕೈಹಿಡಿದು ನಡೆಸಿದವರು ಹಿರಿಯರು. ತಂಡಕ್ಕೆ ಐವರು, ಆಟ ಮೂವತ್ತು ನಿಮಿಷ. ಸುತ್ತಿಗೆಯಿಂದ ಚೆಂಡನ್ನು ತಟ್ಟಿ ಮೂರು ಕಮಾನುಗಳ ಮೂಲಕ ದಾಟಿಸಿ ಕೊನೆಗೆ ನಡುಗಂಬಕ್ಕೆ ತಾಗಿಸಬೇಕು. ಓಟವಿಲ್ಲ, ಜಿಗಿತವಿಲ್ಲ, ತಲೆ ಓಡಿಸುವುದು ಬೇಕಾದಷ್ಟಿದೆ. ಯಾರ ಚೆಂಡನ್ನು ದೂರ ಸರಿಸಬೇಕು, ಯಾರದನ್ನು ಕಾಯಬೇಕು ಎಂಬ ಲೆಕ್ಕಾಚಾರ ಚದುರಂಗದಷ್ಟೇ ಗಾಢ. ಆದರೆ ಇದು ನಡೆಯಬಲ್ಲವರ ಆಟ. ಬೆಳಗಿನ ಹೊತ್ತು ಪಾರ್ಕಿಗೆ ಬರುವ ನಮ್ಮ ನಿವೃತ್ತರಿಗೆ ಹೇಳಿ ಮಾಡಿಸಿದಂತಿದೆ, ಆಶ್ರಮದ ಎಲ್ಲರಿಗೂ ಒಗ್ಗುವುದಿಲ್ಲ.

ಕುರ್ಚಿಯಿಂದ ಏಳಲಾಗದವರ ಆಟಗಳ ಪೈಕಿ ಬೋಚ್ಚಾ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ. ಸೆರೆಬ್ರಲ್ ಪಾಲ್ಸಿ ಇರುವವರಿಗಾಗಿ ರೂಪುಗೊಂಡು 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿರುವ ಆಟ ಇದು. ಇಂಗ್ಲೆಂಡಿನ ಅನೇಕ ಆರೈಕೆ ಮನೆಗಳಲ್ಲಿ ಹಿರಿಯರು ಇದನ್ನು ಆಡುತ್ತಾರೆ. ಒಂದು ಬಿಳಿ ಚೆಂಡನ್ನು ಮೊದಲು ಉರುಳಿಸಿಡುತ್ತಾರೆ, ಅದೇ ಗುರಿ. ಒಂದು ಕಡೆಯವರಿಗೆ ಆರು ಕೆಂಪು ಚೆಂಡು, ಇನ್ನೊಂದು ಕಡೆಯವರಿಗೆ ಆರು ನೀಲಿ. ಬಿಳಿಯ ಹತ್ತಿರ ಯಾರದು ನಿಲ್ಲುತ್ತದೋ ಅವರಿಗೆ ಅಂಕ. ಚೆಂಡು ಸುಮಾರು 275 ಗ್ರಾಂ ತೂಗುತ್ತದೆ, ಪುಟಿಯುವುದಿಲ್ಲ, ಓಡಿಹೋಗುವುದಿಲ್ಲ, ಬಿದ್ದಲ್ಲಿ ಕೂರುತ್ತದೆ. ಕೈಯಿಂದ ಎಸೆಯಲಾಗದವರು ಇಳಿಜಾರಿನ ಒಂದು ದೋಣಿಯ ಮೂಲಕ ಚೆಂಡನ್ನು ಜಾರಿಸಬಹುದು ಎಂಬ ನಿಯಮವೂ ಇದೆ. ಬೆರಳ ತುದಿಯಲ್ಲಿ ತಳ್ಳುವಷ್ಟು ಶಕ್ತಿ ಇದ್ದರೂ ಸಾಕು, ಆಟಗಾರ ಆಟಗಾರನೇ. ಇದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ರಾಗಿಯನ್ನೋ ಹುಣಸೆ ಬೀಜವನ್ನೋ ತುಂಬಿ ಒತ್ತಾಗಿ ಹೊಲಿದರೆ ಚೆಂಡು ತಯಾರು. ಉದ್ದಕ್ಕೆ ಸೀಳಿದ ಪಿವಿಸಿ ಪೈಪನ್ನು ಕುರ್ಚಿಯ ಅಂಚಿಗೆ ಒರಗಿಸಿದರೆ ಅದೇ ದೋಣಿ. ಹೊಲಿಯುವ ಕೆಲಸವನ್ನೂ ಆಶ್ರಮದ ಅಜ್ಜಿಯರಿಗೇ ಕೊಡಬಹುದು. ಸೂಜಿ ಹಿಡಿಯಲು ಕಣ್ಣು ಸಾಲದವರು ರಾಗಿ ಅಳೆದು ತುಂಬಬಹುದು.

ಜಪಾನಿನದೇ ಇನ್ನೊಂದು ಆಟ ಬಲೂನ್ ವಾಲಿಬಾಲ್. ಕಿಟಕ್ಯೂಶು ನಗರದಲ್ಲಿ 1989ರಲ್ಲಿ ಶುರುವಾದ ಇದನ್ನು ಅಂಗವಿಕಲರೂ ಉಳಿದವರೂ ಒಟ್ಟಿಗೆ ಆಡುತ್ತಾರೆ. ದೊಡ್ಡ ಬಲೂನಿನೊಳಗೆ ಗೆಜ್ಜೆ ಹಾಕಿರುತ್ತಾರೆ, ಕಣ್ಣು ಕಾಣದವರಿಗೂ ಅದು ಎಲ್ಲಿದೆ ಎಂದು ಕೇಳಿಸುತ್ತದೆ. ಇದರ ಒಂದು ನಿಯಮ ನನಗೆ ತುಂಬ ಹಿಡಿಸಿತು. ಬಲೂನನ್ನು ಎದುರಾಳಿಗಳ ಕಡೆಗೆ ದಾಟಿಸುವ ಮೊದಲು ತಂಡದ ಪ್ರತಿಯೊಬ್ಬರೂ ಅದನ್ನು ಒಮ್ಮೆಯಾದರೂ ಮುಟ್ಟಿರಬೇಕು. ಕೈ ನಿಧಾನವಾದವರನ್ನು ಬಿಟ್ಟು ಗೆಲ್ಲುವ ದಾರಿಯೇ ಇಲ್ಲ. ಚುರುಕಾದವರು ಅವರ ಹತ್ತಿರ ಬಲೂನನ್ನು ಮೆಲ್ಲಗೆ ತೇಲಿಸಿ ಕಾಯಬೇಕು. ನಮ್ಮ ಆಶ್ರಮಗಳಲ್ಲಿ ಯಾವ ಆಟ ಆಡಿಸಿದರೂ ಈ ಒಂದು ನಿಯಮವನ್ನು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಗಟ್ಟಿಯಾಗಿರುವ ಮೂರು ನಾಲ್ಕು ಜನ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ, ಉಳಿದವರು ಮತ್ತೆ ಟಿವಿ ನೋಡಿದ ಹಾಗೆ ಅವರನ್ನು ನೋಡುತ್ತ ಕೂರುತ್ತಾರೆ.

ಬಲೂನು ಇಷ್ಟೊಂದು ಒಗ್ಗುವುದಕ್ಕೆ ಕಾರಣ ಅದರ ನಿಧಾನ. ವಯಸ್ಸಾದಂತೆ ಕಣ್ಣು ಕಂಡಿದ್ದಕ್ಕೆ ಕೈ ಸ್ಪಂದಿಸಲು ಹೆಚ್ಚು ಹೊತ್ತು ಬೇಕಾಗುತ್ತದೆ. ಟೆನಿಸ್ ಚೆಂಡು ಆ ಹೊತ್ತು ಕೊಡುವುದಿಲ್ಲ, ಬಲೂನು ಕೊಡುತ್ತದೆ. ತಪ್ಪಿ ಮುಖಕ್ಕೆ ಬಂದರೂ ನೋವಿಲ್ಲ. ಅದರ ದೋಷ ಒಡೆಯುವುದು. ಫಟ್ಟೆಂದು ಒಡೆದರೆ ಬೆಚ್ಚಿಬೀಳುವವರಿದ್ದಾರೆ, ಚೂರನ್ನು ಬಾಯಿಗೆ ಹಾಕಿಕೊಳ್ಳುವ ಡಿಮೆನ್ಷಿಯ ರೋಗಿಗಳೂ ಇರುತ್ತಾರೆ. ತೆಳು ಹತ್ತಿ ಬಟ್ಟೆಯಲ್ಲಿ ಒಂದು ಗವಸು ಹೊಲಿದು ಅದರೊಳಗೆ ಬಲೂನು ಊದಿದರೆ ಎರಡೂ ತೊಂದರೆ ತಪ್ಪುತ್ತವೆ. ಸಮುದ್ರತೀರದಲ್ಲಿ ಮಕ್ಕಳು ಆಡುವ ಗಾಳಿ ತುಂಬಿದ ದೊಡ್ಡ ಚೆಂಡೂ ಒಳ್ಳೆಯದೇ. ಪೂರ್ತಿ ಬಿಗಿಯಾಗಿ ಊದದೆ ಸ್ವಲ್ಪ ಸಡಿಲ ಬಿಟ್ಟರೆ ಬೆರಳು ಮಡಚಲಾಗದವರ ಹಿಡಿತಕ್ಕೂ ಸಿಗುತ್ತದೆ.

ಇನ್ನು ಲಾಭದ ಮಾತು. ಇಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಿನವರು ಅರವತ್ತು ದಾಟಿದವರು. ವ್ಯಾಯಾಮ ಬೀಳುವುದನ್ನು ತಪ್ಪಿಸುತ್ತದೆಯೇ? ತಮ್ಮ ಮನೆಗಳಲ್ಲಿ ವಾಸಿಸುವ ಹಿರಿಯರ ಮೇಲೆ ನಡೆದ 108 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ, ವ್ಯಾಯಾಮದಿಂದ ಬೀಳುವ ಪ್ರಮಾಣ ಶೇಕಡ 23ರಷ್ಟು ಕಡಿಮೆಯಾಗುತ್ತದೆ ಎಂದು ಕಂಡುಕೊಂಡಿತು. ಆದರೆ ಆರೈಕೆ ಕೇಂದ್ರಗಳಲ್ಲಿರುವವರ ಬಗ್ಗೆ 2018ರಲ್ಲಿ ಬಂದ ಅದೇ ಸಂಸ್ಥೆಯ ಸಮೀಕ್ಷೆಗೆ ಅಷ್ಟು ಖಚಿತವಾಗಿ ಹೇಳಲಾಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ, ಅಲ್ಲಿಗೆ ಬರುವ ಹೊತ್ತಿಗೆ ದೇಹ ಹಲವು ಕಡೆ ಸೋತಿರುತ್ತದೆ. ಆದ್ದರಿಂದ ಕೂತು ಚೆಂಡು ಎಸೆದರೆ ಬೀಳುವುದು ನಿಲ್ಲುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಸಮತೋಲನ ಗಟ್ಟಿಯಾಗಬೇಕಾದರೆ ನಿಂತು ಮಾಡುವ ವ್ಯಾಯಾಮ, ಕಾಲಿನ ಬಲಕ್ಕೆ ಬೇಕಾದ ವ್ಯಾಯಾಮ ಬೇರೆಯೇ ಬೇಕು. ವಾರಕ್ಕೆ ಮೂರು ದಿನವಾದರೂ ಅದು ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಚೆಂಡಾಟ ಫಿಸಿಯೋಥೆರಪಿಗೆ ಬದಲಿಯಲ್ಲ.

ಹಾಗಾದರೆ ಅದು ಏನು ಮಾಡುತ್ತದೆ? ಕೈ ಎತ್ತಿ ಎಂದರೆ ಎತ್ತದವರು ಚೆಂಡು ಬಂದರೆ ಎತ್ತುತ್ತಾರೆ. ಇದು ಆಶ್ರಮದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಗೊತ್ತಿರುವ ಸತ್ಯ. ಲಕ್ವ ಹೊಡೆದು ದೇಹದ ಎಡಭಾಗ ಸೋತ ಅಜ್ಜಿಯೊಬ್ಬರನ್ನು ಎಣಿಸಿಕೊಳ್ಳಿ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಇಂಥವರಲ್ಲಿ ಕೆಲವರಿಗೆ ಎಡಗಡೆ ಎಂಬುದೇ ಇಲ್ಲವಾಗಿರುತ್ತದೆ. ಕಣ್ಣು ಸರಿಯಿದ್ದರೂ ತಟ್ಟೆಯ ಎಡಗಡೆಯ ಪಲ್ಯ ಹಾಗೇ ಉಳಿಯುತ್ತದೆ, ಎಡಗೈ ಕುರ್ಚಿಯ ಹೊರಗೆ ಜೋತುಬಿದ್ದಿದ್ದರೂ ಗೊತ್ತಾಗುವುದಿಲ್ಲ. ಆಡಿಸುವವರು ಮೊದಲು ಎದುರಿನಿಂದ ದೊಡ್ಡ ಹಳದಿ ಚೆಂಡನ್ನು ಮೇಜಿನ ಮೇಲೆ ಉರುಳಿಸುತ್ತಾರೆ. ಅಜ್ಜಿ ಬಲಗೈಯಿಂದ ತಡೆದು ತಳ್ಳುತ್ತಾರೆ. ನಾಲ್ಕಾರು ಸಲ ಹೀಗೇ ನಡೆದ ಮೇಲೆ ಚೆಂಡು ಒಂದು ಗೇಣು ಎಡಕ್ಕೆ ಬರುತ್ತದೆ, ಆಮೇಲೆ ಇನ್ನೊಂದು ಗೇಣು. ಚೆಂಡನ್ನು ಹಿಂಬಾಲಿಸಿ ಕತ್ತು ತಿರುಗುತ್ತದೆ. ಜೋತುಬಿದ್ದ ಎಡಗೈಯನ್ನು ಎತ್ತಿ ಮೇಜಿನ ಮೇಲಿಟ್ಟರೆ ಚೆಂಡು ಬಂದು ಅದಕ್ಕೆ ತಾಗುತ್ತದೆ, ಅಜ್ಜಿ ಅದನ್ನು ನೋಡುತ್ತಾರೆ. ಫಿಸಿಯೋಥೆರಪಿಸ್ಟ್ ಬಯಸುವುದು ಇದನ್ನೇ. ಅಜ್ಜಿಗೆ ಮಾತ್ರ ಅದು ಚಿಕಿತ್ಸೆ ಎನಿಸಿರುವುದಿಲ್ಲ, ಎದುರಿನವರು ಚೆಂಡು ಕಳಿಸಿದರು, ತಾನು ತಿರುಗಿ ಕಳಿಸಿದೆ, ಅಷ್ಟೇ.

ಪಾರ್ಕಿನ್‌ಸನ್ ಕಾಯಿಲೆಯವರಲ್ಲಿ ಕಾಣುವುದು ಇನ್ನೂ ಅಚ್ಚರಿಯದು. ಕುರ್ಚಿಯಿಂದ ಏಳಲು, ಹೊಸ್ತಿಲು ದಾಟಲು ನಿಮಿಷಗಟ್ಟಲೆ ಒದ್ದಾಡುವವರಲ್ಲಿ ಕೆಲವರು ತಮ್ಮತ್ತ ಬಂದ ಚೆಂಡನ್ನು ಥಟ್ಟನೆ ಹಿಡಿದುಬಿಡುತ್ತಾರೆ. ತಾನಾಗಿ ಚಲನೆ ಶುರುಮಾಡಲಾಗದ ದೇಹ ಹೊರಗಿನಿಂದ ಬಂದ ಚಲನೆಗೆ ಓಗೊಡುತ್ತದೆ. ಫ್ರೆಂಚ್ ನರವೈದ್ಯ ಸೂಕ್ 1921ರಲ್ಲೇ ಇಂಥ ವಿರೋಧಾಭಾಸದ ಚಲನೆಗೆ ಒಂದು ಹೆಸರು ಕೊಟ್ಟಿದ್ದ. 1990ರಲ್ಲಿ ಬಂದ ‘ಅವೇಕನಿಂಗ್ಸ್’ ಚಲನಚಿತ್ರ ನೋಡಿದವರಿಗೆ ವರ್ಷಗಟ್ಟಲೆ ಕಲ್ಲಿನಂತೆ ಕೂತಿದ್ದ ರೋಗಿಗಳು ವೈದ್ಯ ಎಸೆದ ಚೆಂಡನ್ನು ಹಿಡಿಯುವ ದೃಶ್ಯ ನೆನಪಿರಬಹುದು. ಡಿಮೆನ್ಷಿಯದಲ್ಲೂ ಹಾಗೆಯೇ. ಬೆಳಿಗ್ಗೆ ಏನು ತಿಂದೆ, ಮಗನ ಹೆಸರೇನು ಎಂಬ ನೆನಪು ಅಳಿಸಿದ ಮೇಲೂ ಕೈ ಕಲಿತದ್ದು ಬಹುಕಾಲ ಉಳಿಯುತ್ತದೆ. ಹೂ ಕಟ್ಟುವುದು, ಚಪಾತಿ ಲಟ್ಟಿಸುವುದು, ಚೆಂಡು ಹಿಡಿಯುವುದು ಆ ಜಾತಿಯ ಕಲಿಕೆಗಳು. ನಿಯಮ ವಿವರಿಸುತ್ತ ಕೂತರೆ ಅವರಿಗೆ ಗಾಬರಿಯಾಗುತ್ತದೆ. ಹೆಸರು ಹಿಡಿದು ಕರೆದು, ಕಣ್ಣು ಕೂಡಿದ ಮೇಲೆ, ಮೆಲ್ಲಗೆ ಎಸೆದರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಹಗುರವಾದುದಲ್ಲ. ‘ಎಂಬತ್ತರ ಮುದುಕರನ್ನು ಸುತ್ತ ಕೂರಿಸಿ ಬಲೂನು ಆಡಿಸುವುದು ಅವರನ್ನು ಮಕ್ಕಳಂತೆ ಕಂಡಂತಲ್ಲವೇ?’ ಎಷ್ಟೋ ಕಡೆ ಹೌದು, ಹಾಗೆಯೇ ನಡೆಯುತ್ತಿದೆ. ಬಣ್ಣದ ಕಾಗದದ ಟೋಪಿ ತೊಡಿಸಿ, ‘ಜಾಣಮರಿ, ಹಿಡಿ ಹಿಡಿ’ ಎಂದು ರಾಗ ಎಳೆದು, ಅದರ ವಿಡಿಯೊ ಮಾಡಿ ದಾನಿಗಳಿಗೆ ಕಳಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ತಪ್ಪು ಚೆಂಡಿನದಲ್ಲ, ಆಡಿಸುವವರ ಮಾತಿನದು. ಮೇಷ್ಟ್ರನ್ನು ಮೇಷ್ಟ್ರೇ ಎಂದು ಕರೆದು, ‘ಈ ಸಲ ನೀವು ಶುರುಮಾಡಿಕೊಡ್ತೀರಾ?’ ಎಂದು ಕೇಳಿ ಚೆಂಡು ಕೈಗಿಟ್ಟರೆ ಅದು ಮಕ್ಕಳಾಟವಾಗುವುದಿಲ್ಲ. ಅಂಕ ಬರೆಯುವ ಕೆಲಸವನ್ನು ಬ್ಯಾಂಕಿನಲ್ಲಿದ್ದವರಿಗೆ ಕೊಡಬಹುದು, ಜಗಳ ತೀರ್ಮಾನಿಸುವುದನ್ನು ಊರ ಪಂಚಾಯಿತಿ ಮಾಡಿದವರಿಗೆ ಬಿಡಬಹುದು. ಬೇಡ ಎಂದವರನ್ನು ಬಿಟ್ಟುಬಿಡಬೇಕು. ಬೇಡ ಎನ್ನುವ ಹಕ್ಕೂ ಹಿರಿಯರ ಮರ್ಯಾದೆಯ ಭಾಗವೇ. ಕೆಲವರು ಹಲವು ದಿನ ದೂರ ಕೂತು ನೋಡಿ ಆಮೇಲೆ ತಾವೇ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಗೆಲುವು ಸೋಲೂ ಇರಲಿ. ಎಲ್ಲರಿಗೂ ಚಪ್ಪಾಳೆ ತಟ್ಟುತ್ತ ಅಂಕವೇ ಇಲ್ಲದೆ ಆಡಿಸಿದರೆ ಹಿರಿಯರಿಗೆ ಅದರ ಟೊಳ್ಳು ತಕ್ಷಣ ತಿಳಿಯುತ್ತದೆ.

ಅವರವರ ಬದುಕಿನೊಳಗಿನ ಚೆಂಡನ್ನು ತಂದರಂತೂ ಈ ಪ್ರಶ್ನೆಯೇ ಏಳುವುದಿಲ್ಲ. ನಮ್ಮ ಮದುವೆಗಳಲ್ಲಿ ಹೂಚೆಂಡಾಟವಿತ್ತು, ಕೆಲವು ಮನೆತನಗಳಲ್ಲಿ ಈಗಲೂ ಇದೆ. ಉರುಟಣೆಯ ಹೊತ್ತಿಗೆ ಗಂಡು ಹೆಣ್ಣು ಎದುರುಬದುರು ಕೂತು ಹೂವಿನ ಚೆಂಡನ್ನು ಒಬ್ಬರಿಗೊಬ್ಬರು ಎಸೆಯುತ್ತಾರೆ, ಸುತ್ತ ಹೆಂಗಸರು ಹಾಡುತ್ತಾರೆ. ಕೂತು ಆಡುವ, ಮೆತ್ತನೆಯ, ಮೈಮೇಲೆ ಬಿದ್ದರೂ ನೋಯದ ಚೆಂಡಾಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಎಲ್ಲಿದೆ? ಸೇವಂತಿಗೆಯನ್ನು ಒತ್ತಾಗಿ ಕಟ್ಟಿ ಒಂದು ಚೆಂಡು ಮಾಡಿ ಅಜ್ಜಿಯರ ನಡುವೆ ಬಿಟ್ಟರೆ ಆಟದ ಜೊತೆ ಹಾಡೂ ಬರುತ್ತದೆ, ತಮ್ಮ ಮದುವೆಯಲ್ಲಿ ಯಾರು ಯಾರನ್ನು ರೇಗಿಸಿದರು ಎಂಬ ಕತೆಯೂ ಬರುತ್ತದೆ. ಗಂಡಸರಿಗೆ ಲಗೋರಿ. ಏಳು ಬಿಲ್ಲೆಗಳನ್ನು ಮೇಜಿನ ಮೇಲೆ ಪೇರಿಸಿ ಬಟ್ಟೆ ಚೆಂಡಿನಿಂದ ಬೀಳಿಸುವುದು, ಬಿದ್ದದ್ದನ್ನು ಎದುರಿನವರು ಮತ್ತೆ ಪೇರಿಸುವುದು. ಓಟದ ಭಾಗ ಬಿಟ್ಟರೂ ಆಟದ ಸ್ವಾರಸ್ಯ ಉಳಿಯುತ್ತದೆ. ಪೇರಿಸುವ ಕೆಲಸ ಬೆರಳುಗಳಿಗೆ ಒಳ್ಳೆಯ ವ್ಯಾಯಾಮ ಕೂಡ. ಕಲ್ಲಿನ ಬದಲು ಮರದ ಬಿಲ್ಲೆಗಳಿರಲಿ, ಕಾಲ ಮೇಲೆ ಬಿದ್ದರೆ ನೋವಾಗಬಾರದು. ಖಾಲಿ ನೀರಿನ ಬಾಟಲಿಗಳಿಗೆ ಕಾಲುಭಾಗ ಮರಳು ತುಂಬಿ ಸಾಲಾಗಿ ನಿಲ್ಲಿಸಿ ಚೆಂಡು ಉರುಳಿಸುವ ಆಟವನ್ನು ಎಲ್ಲರೂ ಬಲ್ಲರು, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬುಟ್ಟಿಗೆ ಎಸೆಯುವುದೂ ಅಷ್ಟೇ. ಚೆಂಡು ಯಾರ ಕೈಗೆ ಬಂತೋ ಅವರು ಒಂದು ನದಿಯ ಹೆಸರನ್ನೋ, ಒಂದು ಹಣ್ಣಿನ ಹೆಸರನ್ನೋ, ತಮ್ಮೂರ ಜಾತ್ರೆಯ ಹೆಸರನ್ನೋ ಹೇಳಿ ಮುಂದೆ ಎಸೆಯುವ ಕ್ರಮವೂ ಚೆನ್ನ. ಆದರೆ ನೆನಪು ಸೋತವರ ಎದುರು ಇದು ಪರೀಕ್ಷೆಯಾಗಬಾರದು. ಅವರ ಸರದಿಯಲ್ಲಿ ‘ಮಾವಿನ ಹಣ್ಣು ಇಷ್ಟವಾ, ಹಲಸಾ?’ ಎಂದು ಎರಡರಲ್ಲಿ ಒಂದನ್ನು ಆರಿಸಲು ಕೇಳಿದರೆ ಮುಖ ಬಾಡುವುದಿಲ್ಲ.

ಯಂತ್ರಗಳ ವಿಷಯ ಚುಟುಕಾಗಿ. 2006ರಲ್ಲಿ ನಿಂಟೆಂಡೊ ಕಂಪನಿಯ ವೀ ಎಂಬ ವಿಡಿಯೊ ಆಟದ ಯಂತ್ರ ಬಂದಾಗ ಅಮೆರಿಕ, ಯುರೋಪಿನ ಹಿರಿಯರ ವಸತಿಗಳಲ್ಲಿ ಟಿವಿಯ ಮುಂದೆ ಕೈ ಬೀಸಿ ಬೌಲಿಂಗ್ ಆಡುವುದು ದೊಡ್ಡ ಅಲೆಯಾಗಿತ್ತು. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿದ ‘ತೋವರ್‌ಟಾಫೆಲ್’ ಎಂಬ ಸಾಧನ ಮೇಜಿನ ಮೇಲೆ ಬೆಳಕಿನ ಚಿತ್ರಗಳನ್ನು ಬೀಳಿಸುತ್ತದೆ, ಡಿಮೆನ್ಷಿಯ ಇರುವವರು ಕೈಯಾಡಿಸಿದರೆ ಅವು ಸರಿಯುತ್ತವೆ. ಒಳ್ಳೆಯವೇ. ಆದರೆ ನಮ್ಮ ಜಿಲ್ಲಾ ಕೇಂದ್ರದ ಆಶ್ರಮವೊಂದರಲ್ಲಿ ಇವನ್ನು ಕೊಳ್ಳಲು ಸಾಲುವಷ್ಟು ಹಣವಿದ್ದರೆ ನಾನು ಅದನ್ನು ಇನ್ನೊಬ್ಬ ಆಯಾಳ ಸಂಬಳಕ್ಕೆ ಇಡುತ್ತೇನೆ. ಬೆಳಕಿನ ಚೆಂಡಿಗೆ ತೂಕವಿಲ್ಲ, ಅದನ್ನು ಕಾಯುತ್ತ ಎದುರಿಗೆ ಇನ್ನೊಂದು ಮುಖವೂ ಬೇಕಿಲ್ಲ.

ಆಡಿಸುವ ಮುನ್ನ ನೋಡಬೇಕಾದ ಸಂಗತಿಗಳು ಹಲವಿವೆ. ಕುರ್ಚಿಗೆ ಕೈಗಳಿರಬೇಕು, ಪಾದ ನೆಲಕ್ಕೆ ಊರಿರಬೇಕು. ಹಗುರವಾದ ಪ್ಲಾಸ್ಟಿಕ್ ಕುರ್ಚಿ ನಯವಾದ ಟೈಲ್ಸ್ ಮೇಲೆ ಹಿಂದಕ್ಕೆ ಜಾರುತ್ತದೆ, ಅದನ್ನು ಗೋಡೆಗೆ ತಾಗಿಸಿಡಬೇಕು. ವೀಲ್‌ಚೇರಿನ ಬ್ರೇಕ್ ಹಾಕಿದೆಯೇ ಎಂದು ಎರಡು ಸಲ ನೋಡಬೇಕು. ಮೂಳೆ ಸವೆದವರಿಗೆ ಸೊಂಟ ತಿರುಚುವ, ಮುಂದಕ್ಕೆ ಪೂರ್ತಿ ಬಾಗುವ ಎಸೆತ ಬೇಡ. ಸೊಂಟದ ಕೀಲು ಬದಲಿಸಿಕೊಂಡವರು, ಈಚೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಕಣ್ಣಿನ ಪೊರೆ ತೆಗೆಸಿಕೊಂಡವರು ಡಾಕ್ಟರನ್ನು ಕೇಳದೆ ಆಡಬಾರದು. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಗಟ್ಟಿ ಚೆಂಡು ತಾಗಿದರೂ ಚರ್ಮ ಕಪ್ಪುಗಟ್ಟುತ್ತದೆ. ಇನ್ಸುಲಿನ್ ತೆಗೆದುಕೊಂಡವರು ಏನೂ ತಿನ್ನದೆ ಆಟಕ್ಕೆ ಕೂರಬಾರದು. ಆಟ ಮುಗಿದ ತಕ್ಷಣ ಎಬ್ಬಿಸಬಾರದು, ಕೂತಲ್ಲೇ ಎರಡು ಗುಟುಕು ನೀರು ಕುಡಿಸಿ ಸ್ವಲ್ಪ ಹೊತ್ತು ಬಿಟ್ಟು ಏಳಿಸಬೇಕು. ನಿಂಬೆಗಾತ್ರದ ಚೆಂಡನ್ನು ಡಿಮೆನ್ಷಿಯ ಇರುವವರ ಹತ್ತಿರ ಇಡಲೇಬಾರದು, ಹಣ್ಣೆಂದು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. ಹೊತ್ತೂ ಮುಖ್ಯ. ತಿಂಡಿ ಅರಗಿ ಮನಸ್ಸು ತಿಳಿಯಾಗಿರುವ ಬೆಳಗಿನ ಹತ್ತು, ಹನ್ನೊಂದು ಗಂಟೆ ಒಳ್ಳೆಯದು. ಸಂಜೆಗತ್ತಲಲ್ಲಿ ಡಿಮೆನ್ಷಿಯ ಇರುವವರ ಕಳವಳ ಹೆಚ್ಚುತ್ತದೆ. ಇಪ್ಪತ್ತು ನಿಮಿಷ ಸಾಕು. ಬಣ್ಣದ ಬಗ್ಗೆಯೂ ಯೋಚಿಸಬೇಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿ ಕಟ್ಟಿ ನೀಲಿ ಹಸಿರುಗಳು ಮಸುಕಾಗುತ್ತವೆ. ಹಾಗೆಂದು ಕೆಂಪು ಚೆಂಡು ಎಲ್ಲ ಕಡೆಗೂ ಸರಿಯೆಂದಲ್ಲ. ನಮ್ಮ ಹಳೆಯ ಕಟ್ಟಡಗಳ ರೆಡ್ ಆಕ್ಸೈಡ್ ನೆಲದ ಮೇಲೆ ಅದು ಕಾಣುವುದೇ ಇಲ್ಲ, ಅಲ್ಲಿಗೆ ಹಳದಿ ಬೇಕು.

ಹಾಸಿಗೆ ಹಿಡಿದವರನ್ನೂ ಬಿಡಬಾರದು. ತಲೆಯ ಕಡೆ ಮಂಚ ಸ್ವಲ್ಪ ಎತ್ತರಿಸಿ, ಮೇಲಿನಿಂದ ದಾರದಲ್ಲಿ ಇಳಿಬಿಟ್ಟ ಮೆತ್ತನೆಯ ಚೆಂಡನ್ನು ಕೈಗೆಟಕುವಂತೆ ಕಟ್ಟಿದರೆ ತಳ್ಳಬಹುದು, ಅದು ತಿರುಗಿ ಬರುತ್ತದೆ. ಎದುರಿಗೆ ಒಬ್ಬರು ಕೂತು ತಿರುಗಿ ತಳ್ಳಿದರೆ ಇನ್ನೂ ಒಳ್ಳೆಯದು.

ಕೊನೆಗೆ, ಯಾರೂ ಹೇಳದ ಒಂದು ಮಾತು ಹೇಳಲೇಬೇಕು. ಹಿರಿಯರ ಚೆಂಡಾಟದಲ್ಲಿ ಎಲ್ಲರಿಗಿಂತ ಹೆಚ್ಚು ಬಾಗಿ ಏಳುವವರು ಆಯಾಗಳು. ತಪ್ಪಿದ ಪ್ರತಿ ಚೆಂಡೂ ನೆಲಕ್ಕೆ ಬೀಳುತ್ತದೆ, ಪ್ರತಿ ಸಲವೂ ಅವರೇ ಎತ್ತಿಕೊಡಬೇಕು. ಬೆಳಗಿನಿಂದ ಭಾರದ ಮೈಗಳನ್ನು ಎತ್ತಿ ಕೂರಿಸಿ ಅವರ ಸೊಂಟ ಮೊದಲೇ ಸೋತಿರುತ್ತದೆ. ಒಳ್ಳೆಯ ಉತ್ಸಾಹದಿಂದ ಶುರುವಾದ ಆಟ ನಿಂತುಹೋಗಲು ಇದೊಂದೇ ಕಾರಣ ಸಾಕು. ಆದ್ದರಿಂದ ಕುರ್ಚಿಗಳನ್ನು ಸಂದಿಲ್ಲದಂತೆ ಸುತ್ತ ಹಾಕಬೇಕು, ಚೆಂಡು ಹೊರಗೆ ಉರುಳದಂತೆ ಕುರ್ಚಿಗಳ ಕೆಳಗೆ ಒಂದು ಹಳೆಯ ಸೀರೆಯನ್ನು ಸುತ್ತಿ ಕಟ್ಟಬೇಕು, ಎತ್ತಲು ಉದ್ದ ಹಿಡಿಯ ಒಂದು ಬಲೆ ಇಡಬೇಕು. ಒಂದರ ಬದಲು ಮೂರು ಚೆಂಡು ಬುಟ್ಟಿಯಲ್ಲಿದ್ದರೆ ಬಿದ್ದದ್ದನ್ನು ಆಗಲೇ ಎತ್ತಬೇಕಾಗಿಲ್ಲ. ಆಟದ ಇಪ್ಪತ್ತು ನಿಮಿಷವನ್ನು ಆಯಾಳ ಕೆಲಸದ ಪಟ್ಟಿಯಲ್ಲಿ ಬರೆದು, ಆ ಹೊತ್ತಿನಲ್ಲಿ ಬೇರೆ ಯಾವ ಕೆಲಸಕ್ಕೂ ಅವಳನ್ನು ಕರೆಯಬಾರದು. ಅವಳೂ ಒಂದು ಕುರ್ಚಿ ಎಳೆದುಕೊಂಡು ಅವರ ನಡುವೆಯೇ ಕೂತು ಆಡಬೇಕು. ತಾನು ದಿನವೂ ತುತ್ತು ಕೊಡುವವರ ಕೈಯಿಂದ ಅವಳು ಪಡೆದುಕೊಳ್ಳಲು ಬೇರೆ ಅವಕಾಶ ಆ ಮನೆಯಲ್ಲಿ ಇಲ್ಲ.